ಆರು ಚೀಲದ ಮನುಷ್ಯ

ಏಳನೇ ಕ್ಲಾಸಿನಲ್ಲಿ ನನ್ನ ತೂಕ 62 ಕೆಜಿ. ದಾವಣಗೆರೆಯಲ್ಲಿ ಅಜ್ಜನ ಅಕ್ಕಿ ಅಂಗಡಿಯ ತಕ್ಕಡಿಯಲ್ಲೇ ತೂಗಿದ್ದು. 50ರ ಕಲ್ಲು, 10ರದು, ಕೊನೆಗೆ 2ರದು ಇಟ್ಟಾಗ ಮುಳ್ಳು ನೆಟ್ಟಗಾಯಿತು. ‘ಇನ್ನ ಮೂವತ್ತೆಂಟು ಕೆಜಿ ಉಣ್ಣು, ಒಂದು ಚೀಲ ಆಗ್ತೀಯ’ ಅಂದ ನಮ್ಮ ಹಮಾಲಿ. ಅವನೋ ಬರೀ ಎಲುಬಿನ ಹಂದರ, ಐವತ್ತು ಕೆಜಿ ಇದ್ದರೆ ಹೆಚ್ಚು. ಆದರೂ ಕೊಕ್ಕೆ ಚುಚ್ಚಿ 100 ಕೆಜಿಯ ಗೋಣಿಚೀಲವನ್ನು ಬೆನ್ನಿಗೆಳೆದುಕೊಂಡು, ಬಾಯಲ್ಲಿನ ಬೀಡಿ ಆರದ ಹಾಗೆ ಲಾರಿಯ ಹಲಗೆ ಹತ್ತಿಬಿಡುತ್ತಿದ್ದ.

ಊರಲ್ಲಿ ಗರಡಿಮನೆಗಳಿಗೇನೂ ಕಡಿಮೆಯಿರಲಿಲ್ಲ. ಆದರೆ ಕೆಮ್ಮಣ್ಣು ಮೆತ್ತಿಕೊಂಡ ಆ ಪೈಲ್ವಾನರ ನಡುವೆ ನನ್ನ ಹೊಟ್ಟೆ ಹೊತ್ತು ನಿಲ್ಲಲು ನಾಚಿಕೆ. ಆ ಹೊತ್ತಿಗೆ ಸಿಕ್ಕವನು ಸೋವಿಯತ್ ವೇಟ್‌ಲಿಫ್ಟರ್ ವಾಸಿಲಿ ಅಲೆಕ್ಸೆಯೆವ್. ಆಗ ಪುಸ್ತಕಕ್ಕೆ ಹೊದಿಕೆ ಹಾಕಲು ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಯೇ ಆಗಬೇಕಿತ್ತು. ಉಳಿದ ಹುಡುಗರಿಗೆ ಟ್ರ್ಯಾಕ್ಟರು, ಗೋಧಿ ಹೊಲ ಬಂದವು. ನನ್ನ ಗಣಿತದ ಪುಸ್ತಕಕ್ಕೆ ಬಂದದ್ದು ಅವನು. ದಪ್ಪ ಕೃದಾ, ಹುಬ್ಬು ಗಂಟು, ಅಗಲವಾದ ಬೆಲ್ಟು, ಬೆಲ್ಟಿನ ಮಾತು ಕೇಳದೆ ಮುಂದೆ ಬಂದ ಭರ್ಜರಿ ಹೊಟ್ಟೆ. ಜಗತ್ತಿನ ಅತಿ ಬಲಶಾಲಿಗೆ ಹೊಟ್ಟೆಯಿದೆ! ಆ ವರ್ಷ ಗಣಿತದಲ್ಲಿ ಫೇಲಾದದ್ದು ಬೇರೆ ಮಾತು.

ಅವನ ಲೆಕ್ಕ ಮಾತ್ರ ನನಗೆ ಬಾಯಿಪಾಠ. 1970ರಲ್ಲಿ ಮಿನ್ಸ್ಕ್‌ನಲ್ಲಿ ಮೂರು ಬಗೆಯ ಎತ್ತುವಿಕೆಗಳನ್ನು ಕೂಡಿಸಿ 600 ಕೆಜಿ ಮುಟ್ಟಿದ ಮೊದಲ ಮನುಷ್ಯ. ಅಂದರೆ ಆರು ಚೀಲ ಅಕ್ಕಿ. ಆ ಮೂರರಲ್ಲಿ ‘ಪ್ರೆಸ್’ ಅನ್ನುವುದನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್ ಆದಮೇಲೆ ಕೈಬಿಟ್ಟರು. ಎಲ್ಲರೂ ಹಿಂದಕ್ಕೆ ಬಿಲ್ಲಿನಂತೆ ಬಾಗಿ ಎತ್ತುತ್ತಿದ್ದರು, ಯಾರದು ಸರಿ ಯಾರದು ತಪ್ಪು ಎಂದು ತೀರ್ಪುಗಾರರಿಗೇ ತಿಳಿಯುತ್ತಿರಲಿಲ್ಲ. ಉಳಿದದ್ದು ನೆಲದಿಂದ ಒಂದೇ ಏಟಿಗೆ ತಲೆಯ ಮೇಲಕ್ಕೆತ್ತುವ ಸ್ನ್ಯಾಚ್, ಎದೆಗೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಅಲೆಕ್ಸೆಯೆವ್ ಜರ್ಕ್‌ನಲ್ಲಿ 255 ಕೆಜಿ ಎತ್ತಿ ಎರಡನೇ ಒಲಿಂಪಿಕ್ ಚಿನ್ನ ಗೆದ್ದ. ಒಟ್ಟು 80 ವಿಶ್ವದಾಖಲೆ. ಬಹಳಷ್ಟು ಸಲ ಅರ್ಧರ್ಧ ಕೆಜಿ ಏರಿಸಿಯೇ ಮುರಿದದ್ದು; ಪ್ರತಿ ದಾಖಲೆಗೂ ಇನಾಮು ಸಿಗುತ್ತಿತ್ತಂತೆ. ಈ ವ್ಯವಹಾರ ಕೇಳಿ ನಮ್ಮಜ್ಜನಿಗೆ ಅವನ ಮೇಲೆ ಗೌರವ ಹುಟ್ಟಿತು.

ಉಳಿದ ತೂಕ ವಿಭಾಗದವರ ಪಾಡು ಅನ್ನನೀರು ಬಿಟ್ಟು, ಬೆವರು ಹರಿಸಿ ಮಿತಿಯೊಳಗೆ ನುಸುಳುವುದು. ಅಲೆಕ್ಸೆಯೆವ್‌ನ ಸೂಪರ್ ಹೆವಿವೇಟ್‌ನಲ್ಲಿ ಕೆಳಗಿನ ಗೆರೆಯಷ್ಟೇ ಉಂಟು. ಆಗ ಅದು 110 ಕೆಜಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 102. ಮೇಲೆ ಆಕಾಶ. ಇಷ್ಟು ಉದಾರವಾದ ನಿಯಮ ಇನ್ನಾವ ಆಟದಲ್ಲೂ ನಾನು ಕಂಡಿಲ್ಲ.

ನ್ಯಾಯವಾಗಿ ನೋಡಿದರೆ ದೊಡ್ಡವರದು ಅಂಥ ಹೆಚ್ಚುಗಾರಿಕೆಯೇನಲ್ಲ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ನಂಬಿದೆ. ಮೈ ದೊಡ್ಡದಾದಂತೆ ತೂಕ ಬಲಕ್ಕಿಂತ ಬೇಗ ಬೆಳೆಯುತ್ತದೆ. 2021ರಲ್ಲಿ ತಾಷ್ಕೆಂಟ್‌ನಲ್ಲಿ ಜಾರ್ಜಿಯಾದ ಲಾಶಾ ತಲಖಾಡ್ಜೆ 267 ಕೆಜಿ ಜರ್ಕ್ ಮಾಡಿದ, ಒಟ್ಟು 492. ಅವನ ಮೈತೂಕದ ಒಂದೂವರೆ ಪಟ್ಟು ಆ 267. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಜರ್ಕ್‌ಗೆ 138 ಎತ್ತಿ ಬೆಳ್ಳಿ ತಂದ. ಹೆಚ್ಚುಕಡಿಮೆ ಎರಡೂವರೆ ಪಟ್ಟು! ಅಜ್ಜನ ಹಮಾಲಿಯೂ ಈ ಜಾತಿಯವನೇ. ಇದೆಲ್ಲ ಗೊತ್ತಿದ್ದೂ ಟೀವಿಯಲ್ಲಿ ಆನೆಯಂಥವರು ಬಂದರೆ ನಾನು ಊಟದ ತಟ್ಟೆ ಕೈಯಲ್ಲೇ ಹಿಡಿದು ಕೂತುಬಿಡುತ್ತೇನೆ.

1980ರ ಮಾಸ್ಕೋದಲ್ಲಿ ಅಲೆಕ್ಸೆಯೆವ್‌ಗೆ ಮೂವತ್ತೆಂಟು. ಸ್ನ್ಯಾಚ್‌ಗೆ 180 ಕೆಜಿ ಕೇಳಿದ. ಮೂರು ಸಲವೂ ಆಗಲಿಲ್ಲ. ತವರಿನ ಜನವೇ ಸಿಳ್ಳೆ ಹಾಕಿ ಅಣಕಿಸಿದರಂತೆ. ಮರುದಿನದ ಪೇಪರಿನಲ್ಲಿ ಅವನ ಹೆಸರಿದ್ದದ್ದು ನಾಲ್ಕೇ ಸಾಲು. ನಾನು ಆಗ ಕಾಲೇಜು ಸೇರಿದ್ದೆ. ಹಳೇ ಗಣಿತದ ಪುಸ್ತಕ ಹುಡುಕಿದರೆ ರದ್ದಿಗೆ ಹೋಗಿತ್ತು. ಮೊದಲ ಒಲಿಂಪಿಕ್ ಚಿನ್ನ ಕೊಟ್ಟ ಮ್ಯೂನಿಕ್ಕಿನಲ್ಲೇ ಅವನು 2011ರಲ್ಲಿ ತೀರಿಕೊಂಡ.

ಎತ್ತುವುದಕ್ಕಿಂತ ಕಷ್ಟ ಎತ್ತಿ ನಿಲ್ಲುವುದು. ಪಾದ ಒಂದೇ ಸಾಲಿಗೆ ಬರಬೇಕು, ಮೊಣಕೈ ಸೆಟೆದಿರಬೇಕು, ಇಳಿಸು ಎಂಬ ಸೂಚನೆ ಬರುವ ತನಕ ಅಲುಗಕೂಡದು. 2016ರಲ್ಲಿ ರಿಯೊದಲ್ಲಿ ಇರಾನಿನ ಬೆಹದಾದ್ ಸಲೀಮಿ 216 ಕೆಜಿ ಸ್ನ್ಯಾಚ್ ಮಾಡಿ ವಿಶ್ವದಾಖಲೆ ಬರೆದ. ಆಮೇಲೆ ಜರ್ಕ್‌ನಲ್ಲಿ ಅವನೆತ್ತಿದ 245ಕ್ಕೆ ರೆಫರಿಗಳು ಬಿಳಿ ದೀಪ ಹಾಕಿದರೂ ಜ್ಯೂರಿ ಅದನ್ನು ಹೊಡೆದುಹಾಕಿತು. ಮೊಣಕೈ ತಕರಾರು. ದಾಖಲೆ ಬರೆದವನು ಬರಿಗೈಯಲ್ಲಿ ಮನೆಗೆ ಹೋದ.

ಹೋದ ವಾರ ಸೋನಾಮಸೂರಿಯ 25 ಕೆಜಿ ಚೀಲ ಬಂತು. ಅಂಗಡಿ ಹುಡುಗ ಬಾಗಿಲಲ್ಲೇ ಇಟ್ಟು ಹೋದ. ಅದನ್ನು ಅಡುಗೆಮನೆಯ ಅಟ್ಟಕ್ಕೇರಿಸಬೇಕು. ತೊಡೆ ಅಗಲಿಸಿ, ಉಸಿರು ಬಿಗಿಹಿಡಿದು ಎದೆಗೆ ತಂದೆ. ಕ್ಲೀನ್. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ತಲೆಯ ಮೇಲೆ. ಜರ್ಕ್. ಪಾದ ಕೂಡಿಸಿ ನಿಂತೆ, ಮುಖ ಕೆಂಪಡರಿತ್ತು. ಹೆಂಡತಿ ಸೌಟು ಹಿಡಿದು ಮೇಲಿಂದ ಕೆಳಗಿನವರೆಗೆ ನೋಡಿದಳು.

‘ಮೊಣಕೈ ನಡುಗ್ತಿದೆ, ಇಳಿಸಿ. ಮೊದಲು ಅಟ್ಟದ ಮೇಲಿನ ಕೊಪ್ಪರಿಗೆ ತೆಗೀಬೇಕು.’