ಉಣುಗೋಲಿನ ಏರು

ಅಕ್ಟೋಬರ್ 1, 2025, ಬುಧವಾರ. ಆಯುಧಪೂಜೆ

ಹಳೇ ಕಾರಿಗೆ ಇದೇ ಕೊನೆಯ ಪೂಜೆ. ಮಂಡಿಯ ಆಪರೇಷನ್ ಆದಮೇಲೆ ಅಮ್ಮನಿಗೆ ಅದರ ತಗ್ಗು ಸೀಟಿನಲ್ಲಿ ಕೂರುವುದೂ ಕಷ್ಟ, ಏಳುವುದು ಇನ್ನೂ ಕಷ್ಟ. ಎತ್ತರದ ಸೀಟು ಬೇಕು, ನೆಲಕ್ಕೆ ತಾಗದ ಅಡಿ ಬೇಕು, ಸಾಗರದ ಪೇಟೆಯಲ್ಲಿ ತಿರುಗಿಸಲು ಚಿಕ್ಕ ಮೈಯೂ ಬೇಕು. ಅಂದಮೇಲೆ ನಾಲ್ಕು ಮೀಟರಿನೊಳಗಿನ ಎಸ್‌ಯುವಿಯೇ ಸರಿ. ಭಾವ ಫೋನಿನಲ್ಲಿ ಅರ್ಧ ಗಂಟೆ ಪಿಕಪ್ಪು, ಸನ್‌ರೂಫು ಅಂತ ಹೇಳಿದರು. ನನ್ನ ಓಡಾಟವೋ ಇಕ್ಕೇರಿ ಕಡೆಯ ಈ ಮನೆಯಿಂದ ಕಾಲೇಜಿಗೆ; ಆಗೀಗ ಆನಂದಪುರ, ಕುಂಸಿ ದಾಟಿ ಶಿವಮೊಗ್ಗಕ್ಕೆ. ದಿನಾ ಓಡಿಸುವ ದಾರಿಯಲ್ಲಿ ಸ್ಪೀಡು ನಲವತ್ತು ದಾಟುವುದೇ ಅಪರೂಪ. ಆ ನಲವತ್ತರೊಳಗೆ ಕಾರು ಹೇಗಿದೆ ಎಂದು ಯಾರೂ ಹೇಳುವುದಿಲ್ಲ.

ಅಕ್ಟೋಬರ್ 4, ಶನಿವಾರ

ಶೋರೂಮಿನ ಹುಡುಗ ಮೊದಲ ಗಾಡಿಯಲ್ಲಿ ಹೈವೇಯ ಒಂದು ಸುತ್ತು ಹಾಕಿಸಿ ಮುಗಿಸುವವನಿದ್ದ. ಮನೆಯವರೆಗೆ ಬರಲೇಬೇಕು ಎಂದು ಕರೆತಂದೆ.

ಮೊದಲು ಅಮ್ಮ. ಮುಂದಿನ ಬಾಗಿಲು ತೆಗೆದು, ಬೆನ್ನು ಸೀಟಿಗೆ ಮಾಡಿ ನಿಂತಳು. ಸೀಟು ಅವಳ ಸೊಂಟಕ್ಕಿಂತ ಒಂದು ಗೇಣು ಕೆಳಗೆ. ಹಾಗೇ ಹಿಂದಕ್ಕೆ ಕೂತು, ಒಳ್ಳೆಯ ಕಾಲು ಮೊದಲು ಒಳಗಿಟ್ಟು, ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಬಾಗಿಲ ಕೆಳಗಿನ ಪಟ್ಟಿ ಅಗಲವಿದ್ದರೆ ಇಲ್ಲಿಯೇ ಕಾಲು ಸಿಕ್ಕಿಕೊಳ್ಳುತ್ತದೆ, ಇದರಲ್ಲಿ ಸಿಕ್ಕಲಿಲ್ಲ. ಹಿಂದಿನ ಸೀಟಿಗೆ ಮಾತ್ರ ಆಗಲಿಲ್ಲ. ಚಕ್ರದ ಉಬ್ಬು ಬಾಗಿಲೊಳಗೆ ಬಂದು ಪಾದ ತಿರುಗಿಸಲು ಜಾಗವಿಲ್ಲ. ಅಮ್ಮ ಮುಂದೆಯೇ ಕೂರುವವಳಾದ್ದರಿಂದ ಅದು ನಡೆದೀತು.

ಆಮೇಲೆ ಏರು. ನಮ್ಮ ಬೇಲಿಗೇಟಿನ ಉಣುಗೋಲು ದಾಟಿದ ಕೂಡಲೇ ಎಡಕ್ಕೆ ತಿರುಗಿ, ದರೆಯ ಪಕ್ಕದಲ್ಲೇ ಮಣ್ಣಿನ ರಸ್ತೆ ಏರಬೇಕು. ರಾತ್ರಿ ಮಳೆಯಾಗಿತ್ತು. ಡಿಕ್ಕಿಯಲ್ಲಿ ಅಡಿಕೆ ಚೀಲ ಹಾಕಿಸಿದೆ. ಅದರ ಅಂಚು ನನ್ನ ಸೊಂಟದೆತ್ತರ ಇರುವುದರಿಂದ ಚೀಲ ಎತ್ತಿಹಾಕಲು ಇಬ್ಬರು ಬೇಕಾದರು. 1.2 ಲೀಟರಿನ ಮೂರು ಸಿಲಿಂಡರ್ ಟರ್ಬೊ, ಕೈಗೇರು. ಸೆಕೆಂಡ್ ಗೇರಿನಲ್ಲಿ ತಿರುಗಿಸಿದಾಗ ಎಂಜಿನ್ ನಡುಗಿ ಸೋತಿತು. ಫಸ್ಟಿಗೆ ಹಾಕಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ, ಮರುಕ್ಷಣ ಶಕ್ತಿಯೆಲ್ಲ ಒಟ್ಟಿಗೇ ಬಂದು ಮುಂದಿನ ಚಕ್ರ ಕೆಸರಲ್ಲಿ ಗಿರ್ರನೆ ಸುತ್ತಿತು. ಟರ್ಬೊ ತಿರುಗುವುದು ಎಂಜಿನ್ನಿನ ಹೊಗೆಯ ರಭಸಕ್ಕೆ; ಎಂಜಿನ್ ನಿಧಾನವಿದ್ದರೆ ರಭಸವೆಲ್ಲಿಂದ ಬರಬೇಕು? ಮೇಲಾಗಿ ಇವೆಲ್ಲ ಮುಂಚಕ್ರ ಎಳೆಯುವ ಗಾಡಿಗಳು. ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್ ಯಾವುದಕ್ಕೂ ನಾಲ್ಕು ಚಕ್ರದ ಎಳೆತವಿಲ್ಲ; ಈ ಅಳತೆಯಲ್ಲಿ ಅದು ಬೇಕಾದರೆ ಜಿಮ್ನಿ, ಥಾರ್ ಕಡೆಗೆ ಹೋಗಬೇಕು. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಟೈರಿನ ಹಿಡಿತ ಸಡಿಲವಾಗುತ್ತದೆ. ಹೆಸರಿನಲ್ಲಿ ಎಸ್‌ಯುವಿ ಇದ್ದರೂ ಇದು ಎತ್ತರಿಸಿದ ಸಣ್ಣ ಕಾರು. ಹಾಗೆಂದೇ ತಿಳಿದು ಕೊಳ್ಳಬೇಕು.

ಅಕ್ಟೋಬರ್ 5, ಭಾನುವಾರ

ಹೆಚ್ಚಿನವರು ಇಷ್ಟು ಚಿಕ್ಕ ಎಂಜಿನ್ನಿಗೆ ಟರ್ಬೊ ಕಟ್ಟುವುದೇಕೆ? ಮೂಲ ತೆರಿಗೆಯಲ್ಲಿದೆ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ ಇಳಿದಾಗ ಹಾಕಿದ ಗೆರೆ ಇದು: ಉದ್ದ ನಾಲ್ಕು ಮೀಟರ್, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500. ಜಿಎಸ್‌ಟಿ ಬಂದರೂ ಗೆರೆ ಅಳಿಸಲಿಲ್ಲ. ಈ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನದಕ್ಕೆ ಶೇ. 18, ಆಚೆಯದಕ್ಕೆ ಶೇ. 40. ಹಿಂದೆ ಸೆಸ್ ಸೇರಿ ಗೆರೆಯೊಳಗಿನ ಪೆಟ್ರೋಲ್ ಗಾಡಿಗೆ 29, ಆಚೆಯದಕ್ಕೆ ಕನಿಷ್ಠ 45 ಇತ್ತು; ಎರಡೂ ಇಳಿದವು, ನಡುವಿನ ಅಂತರ ಮಾತ್ರ ಹೆಚ್ಚಿತು. ಈ ಗಾಡಿಗಳ ಹಿಂಭಾಗ ಅಷ್ಟು ನೆಟ್ಟಗೆ ಕತ್ತರಿಸಿರುವುದೂ ಇದೇ ಲೆಕ್ಕಕ್ಕೆ. ಉದ್ದ 3990, 3995 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ನಮ್ಮ ಏರಿನಲ್ಲಿ ಎಂಜಿನ್ ತಡವರಿಸಿದ್ದರ ಬೇರು ದಿಲ್ಲಿಯಲ್ಲಿದೆ ಎನ್ನುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಅಕ್ಟೋಬರ್ 11, ಶನಿವಾರ

ಎರಡನೆಯದು ಗೆರೆಯಾಚೆಯದು. ಒಂದೂವರೆ ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಏರನ್ನು ಸೆಕೆಂಡ್ ಗೇರಿನಲ್ಲೇ ಸದ್ದಿಲ್ಲದೆ ಹತ್ತಿತು. ಕಾಲಿಗೆ ತಕ್ಕಂತೆ ಎಳೆಯುವ ಎಂಜಿನ್, ಬಹಳ ಇಷ್ಟವಾಯಿತು.

ವಾಪಸು ಬರುವಾಗ ಮಳೆ ಹಿಡಿದು ಗಾಜು ಒಳಗಿನಿಂದ ಮಂಜಾಯಿತು. ಗಾಳಿಯನ್ನು ಗಾಜಿನತ್ತ ತಿರುಗಿಸುವ ಬಟನ್ನಿಗೆ ಹುಡುಕಾಡಲಿಲ್ಲ, ಕೈಗೇ ಸಿಕ್ಕಿತು. ಕೆಲವು ಗಾಡಿಗಳಲ್ಲಿ ಅದನ್ನೂ ಪರದೆಯೊಳಗೆ ಸೇರಿಸಿದ್ದಾರೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನವರು ಸನ್‌ರೂಫಿಗಿಂತ ಮೊದಲು ಇದನ್ನು ನೋಡಬೇಕು. ಆದರೆ ಬೆಲೆ! ಶೇ. 40ರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. ಹತ್ತು ಲಕ್ಷದೊಳಗಿನ ಇಂಥ ಗಾಡಿಗೆ ಶೇ. 14 ಇರುವುದು, ದಾಟಿದರೆ ಶೇ. 17. ರಾತ್ರಿ ಲೆಕ್ಕ ಹಾಕಿ ಕಾಗದ ಮಡಚಿಟ್ಟೆ.

ಅಕ್ಟೋಬರ್ 12, ಭಾನುವಾರ

ಇವತ್ತು ಕ್ರ್ಯಾಶ್ ಟೆಸ್ಟಿನ ವರದಿಗಳು. 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. ಆಮೇಲೆ ಜನ ನಕ್ಷತ್ರ ಕೇಳಿ ಕಾರು ಕೊಳ್ಳಲು ಕಲಿತರು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ನಕ್ಷತ್ರ ಎಣಿಸಿ ಬಿಡಬಾರದು. ದೊಡ್ಡವರಿಗೆ 32ಕ್ಕೆ, ಮಕ್ಕಳಿಗೆ 49ಕ್ಕೆ ಎಷ್ಟು ಬಂತು ಎಂದು ಬೇರೆಯಾಗಿ ಓದಬೇಕು. ಅಕ್ಕನ ಮಗು ರಜೆಗೆ ಬಂದಾಗ ಹಿಂದಿನ ಸೀಟಿನಲ್ಲಿ ಕೂರುವುದು ಅದೇ ತಾನೆ.

ಅಕ್ಟೋಬರ್ 18, ಶನಿವಾರ

ಮೂರನೆಯದು ಗೆರೆಯೊಳಗಿನ ಟರ್ಬೊ, ಆದರೆ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಇದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕೈಗೇರಿನಂಥ ಕ್ಲಚ್ಚಿಲ್ಲ, ಎಣ್ಣೆಯೇ ಶಕ್ತಿ ದಾಟಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಎಳೆತವನ್ನು ಹಿಗ್ಗಿಸಿಯೂ ಕೊಡುತ್ತದೆ. ಅಗ್ಗದ ಎಎಂಟಿಯಲ್ಲಿ ಹೀಗಾಗುವುದಿಲ್ಲ. ಅದು ಕೈಗೇರನ್ನೇ ಯಂತ್ರದಿಂದ ಬದಲಿಸುತ್ತದೆ, ಗೇರು ಬದಲಾಗುವ ಹೊತ್ತಿಗೆ ಏರಿನಲ್ಲಿ ಎಳೆತ ಕಡಿಯುತ್ತದೆ.

ಉಣುಗೋಲಿನ ಹತ್ತಿರ ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ತಾನಾಗಿ ತೆವಳಿ ಮುಂದೆ ಬಂತು. ಏರಿನಲ್ಲಿ ಸ್ವಲ್ಪ ಒತ್ತಿದ್ದಕ್ಕೆ ನಡುಗದೆ, ಜಾರದೆ ಮೇಲೆ ಬಂದು ನಿಂತಿತು. ಮೇಲಿನ ತಿರುವಿನಲ್ಲಿ ಮುಂಗಾಜಿನ ಪಕ್ಕದ ಕಂಬ ದಪ್ಪವಿರುವುದರಿಂದ ಎದುರು ಬಂದ ಬೈಕು ಅರೆಕ್ಷಣ ಮರೆಯಾಯಿತು. ಮೈ ಮುಂದೆ ಬಾಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಪೆಟ್ರೋಲು ಕೈಗೇರಿನದಕ್ಕಿಂತ ಹೆಚ್ಚು ಕುಡಿಯುತ್ತದೆ, ಅದನ್ನೂ ಒಪ್ಪಿಕೊಂಡೆ. ಸನ್‌ರೂಫಿಲ್ಲದ ಮಾಡೆಲ್ಲಿಗೆ ಮುಂಗಡ ಕೊಟ್ಟು ಬಂದಾಯಿತು. ಭಾವನಿಗೆ ನಾಳೆ ಹೇಳಬೇಕು. ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ಈ ಕೆಮ್ಮಣ್ಣಿಗೆ ಬಿಳಿ ಬೇಡ ಅನ್ನುತ್ತಾಳೆ ಅಮ್ಮ.