ಅವ್ವನ ಮಾತ್ರೆ, ಮಾವನ ಕಷಾಯ

ನಾಟಿ ಔಷಧವನ್ನು ನಾನು ಪರೀಕ್ಷೆ ಮಾಡಿ ನಂಬಿದವನಲ್ಲ, ಆ ನಂಬಿಕೆಯಲ್ಲೇ ಬೆಳೆದವನು. ನಮ್ಮ ಊರ ಕಡೆ ಕಣ್ಣು ಹಳದಿಯಾಯಿತೆಂದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ, ಎಣ್ಣೆ ಖಾರ ಬಿಡಿಸುತ್ತಾರೆ, ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ಗುಣವನ್ನೆಲ್ಲ ನಾನು ಸೊಪ್ಪಿನ ಲೆಕ್ಕಕ್ಕೇ ಬರೆದುಕೊಂಡಿದ್ದೆ.

ಅವ್ವನಿಗೆ ಬಂದಿರುವುದು ಲಿವರ್ ಸಿರೋಸಿಸ್, ತಾನಾಗಿ ಹೋಗುವಂಥದ್ದಲ್ಲ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆಯದಿರಲೆಂದು ಪ್ರೊಪ್ರನೊಲಾಲ್, ಹೊಟ್ಟೆಯ ನೀರು ಇಳಿಯಲೆಂದು ಫ್ಯುರೊಸೆಮೈಡ್ ನುಂಗುತ್ತಾಳೆ. ಸೋದರಮಾವ ಕಷಾಯದ ಪುಡಿ ತಂದ. ನೆಲನೆಲ್ಲಿ, ಕಾಳುಮೆಣಸು, ಹಿಪ್ಪಲಿ, ಅತಿಮಧುರ. "ಸೊಪ್ಪು ಬೇರು ಕಣಪ್ಪ, ಕೆಟ್ಟದ್ದು ಮಾಡಲ್ಲ" ಅಂದ.

ನನಗೂ ಅದೇ ಬೇಕಿತ್ತು. ಮದ್ರಾಸಿನಲ್ಲಿ ನೆಲನೆಲ್ಲಿ ಕೊಟ್ಟ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂಬ 1988ರ 'ಲ್ಯಾನ್ಸೆಟ್' ವರದಿಯನ್ನು ಆಸೆಯಿಂದ ಓದಿದೆ. ಬೇರೆ ಕಡೆಯ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ ಎಂಬ ಭಾಗಕ್ಕೆ ಬಂದಾಗ ಮನಸ್ಸು ಮುಂದೆ ಹೋಗಲು ಒಪ್ಪಲಿಲ್ಲ.

ಒತ್ತಾಯದಿಂದಲೇ ಓದಿದೆ. ಮೆಣಸು, ಹಿಪ್ಪಲಿಗಳ ಪೈಪರಿನ್ ಔಷಧವನ್ನು ಕರಗಿಸುವ ಕಿಣ್ವಗಳನ್ನು ತಡೆಯುತ್ತದೆ. ದಿನಕ್ಕೆ 20 ಮಿಲಿಗ್ರಾಂ ಪೈಪರಿನ್ ತೆಗೆದುಕೊಂಡ ಆರೋಗ್ಯವಂತರಲ್ಲೇ ಪ್ರೊಪ್ರನೊಲಾಲ್ ಪ್ರಮಾಣ ಏರಿದ್ದನ್ನು 1991ರಲ್ಲಿ ತೋರಿಸಿದ್ದಾರೆ. ಅಷ್ಟು ಪೈಪರಿನ್ ಅರ್ಧ ಗ್ರಾಂ ಮೆಣಸಿನಲ್ಲೇ ಇರುತ್ತದೆ. ಅವ್ವನ ಲಿವರ್ ಆ ಮಾತ್ರೆಯನ್ನು ಮೊದಲೇ ನಿಧಾನವಾಗಿ ಕರಗಿಸುತ್ತಿದೆ. ಇನ್ನೂ ಏರಿದರೆ ನಾಡಿ, ಬಿಪಿ ಎರಡೂ ಕುಸಿದಾವು. ಅತಿಮಧುರ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ. ಫ್ಯುರೊಸೆಮೈಡ್ ಕೂಡ ಪೊಟ್ಯಾಸಿಯಂ ಕಳೆಯುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಅಮೋನಿಯಾ ಏರಿ ಅವ್ವನಿಗೆ ಪ್ರಜ್ಞೆ ಮಂಕಾದೀತು.

ಇಷ್ಟು ತಿಳಿದ ಮೇಲೂ ಪುಡಿ ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಯಾಕೆಂದು ಕೇಳಿಕೊಂಡೆ. ನಾನು ಕಾಯುತ್ತಿದ್ದದ್ದು ಮಾವನ ಮನಸ್ಸನ್ನು. ಅಕ್ಕನ ಮೇಲಿನ ಅವನ ಪ್ರೀತಿಯೇ ಆ ಪುಡಿಯಾಗಿ ಬಂದಿತ್ತು. ಪುಡಿಯ ವಿಷಯ ಆಸ್ಪತ್ರೆಯಲ್ಲಿ ಹೇಳಿದರೆ ಬೈಗುಳ ಬೀಳುತ್ತದೆಂಬ ಅಳುಕೂ ಇತ್ತು. ಈ ಎರಡರ ನಡುವೆ ಅವ್ವನ ದೇಹವನ್ನು ನಾನು ನೋಡುತ್ತಲೇ ಇರಲಿಲ್ಲ.

ಮಾವನನ್ನೇ ಕೂರಿಸಿಕೊಂಡು ಪುಡಿಯಲ್ಲಿರುವುದನ್ನೆಲ್ಲ ಚೀಟಿಯಲ್ಲಿ ಬರೆಸಿದ್ದೇನೆ. ಪೊಟ್ಟಣ ಇನ್ನೂ ಒಡೆದಿಲ್ಲ. ಮೈಸೂರಿನ ಡಾಕ್ಟರಿಗೆ ಚೀಟಿ ತೋರಿಸಲು ಮಾವನೂ ಜೊತೆಗೆ ಬರುತ್ತಾನೆ.