ಹೆಸರು ಹಿಡಿದು ಕರೆಯುವವರಿರಬೇಕು

ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಲಗ್ನಪತ್ರಿಕೆಯ ಕೈಚೀಲ ಹಿಡಿದು ತಿರುಗುವವರ ಕಾಲ ಶುರುವಾಗುತ್ತದೆ. ತಮ್ಮನ ಮಗಳ ಲಗ್ನ ಗೊತ್ತಾದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಬೇರೇನು ಕೆಲಸ ಎಂಬುದು ಮನೆಯವರ ಲೆಕ್ಕ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ನಾಲ್ಕು ತಾಲ್ಲೂಕು, ನಾಲ್ಕು ದಿನ. ಹೊಸ ತಾಲ್ಲೂಕುಗಳಾಗಿ ನಕಾಶೆ ಬದಲಾಗಿದ್ದರೂ ಬೀಗರ ಬಾಯಲ್ಲಿ ಇನ್ನೂ ಇವೇ ಹೆಸರು.

ಚೀಲದಲ್ಲಿ ಪತ್ರಿಕೆಗಳ ಜತೆಗೆ ಒಂದು ಚಿಂತೆಯೂ ಇತ್ತು. ಮುದ್ದೇಬಿಹಾಳ ಕಡೆ ಕೊಟ್ಟ ತಂಗಿ ಫೋನಿನಲ್ಲಿ ಅತ್ತಿದ್ದಳು. ಒಂಬತ್ತನೇ ತರಗತಿಯಲ್ಲಿರುವ ಅವಳ ಮಗ ದೀಪಾವಳಿ ರಜೆಗೆ ವಸತಿ ಶಾಲೆಯಿಂದ ಬಂದವನು ತಿರುಗಿ ಹೋಗಲು ಒಲ್ಲೆ ಎನ್ನುತ್ತಿದ್ದ. "ಗಣಿತ ತಲಿಗೆ ಹತ್ತವಲ್ದಂತ ಕಾಣ್ತದ ಅಣ್ಣಾ. ನೀ ಬಂದಾಗ ಒಂದಿಷ್ಟು ಹೇಳಿಕೊಡು" ಎಂದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ.

ಇಂಡಿಯ ಬಸ್ಸು ಹತ್ತಿದಾಗ ಶಾಲೆಯ ಮಕ್ಕಳದೇ ಗದ್ದಲ. ಒಂದು ಸೀಟಿನಲ್ಲಿ ಹುಡುಗಿಯೊಬ್ಬಳು ತನ್ನ ಪಕ್ಕಕ್ಕೆ ಪುಸ್ತಕದ ಚೀಲ ಇಟ್ಟುಕೊಂಡಿದ್ದಳು. ಸರಿಯಮ್ಮಾ ಎಂದೆ. "ಮುಂದಿನ ಸ್ಟಾಪಿಗೆ ನಮ್ಮ ಗೆಳತಿ ಹತ್ತತಾಳ್ರಿ ಅಜ್ಜಾರ. ನಿನ್ನೆ ಆಕಿ ಸಾಲಿಗೆ ಬಂದಿಲ್ರಿ, ಬರಕೊಳ್ಳೂದು ಭಾಳ ಅದ" ಎಂದಳು. ಅಷ್ಟು ಹೇಳಿ, ನನ್ನ ತಲೆ ನೋಡಿ ಮರುಕಪಟ್ಟು, ತಾನೇ ಎದ್ದು ನಿಂತು ನನಗೆ ಜಾಗ ಕೊಟ್ಟಳು. ಗೆಳತಿ ಹತ್ತಿದ ಮೇಲೆ ಇಬ್ಬರೂ ಕಂಬಿ ಹಿಡಿದು ನಿಂತುಕೊಂಡೇ ನಿನ್ನೆಯ ಪಾಠ ಮುಗಿಸಿದರು. ಕಿಟಕಿಯಾಚೆ ಮೊಳಕಾಲುದ್ದ ಬೆಳೆದ ಬಿಳಿಜೋಳ, ಅಲ್ಲಲ್ಲಿ ಲಿಂಬೆಯ ತೋಟ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಆದರೆ ಈ ಸೀಮೆಯ ಗೆಳೆತನಕ್ಕೆ ಅದಕ್ಕಿಂತ ಎಷ್ಟೋ ಮೊದಲೇ ಹೆಸರು ಬಂದಿತ್ತು.

ಹಲಸಂಗಿಯಲ್ಲಿ ನಮ್ಮ ದೂರದ ಸಂಬಂಧಿಕರಿದ್ದಾರೆ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಕನ್ನಡ ಓದಿದವರಿಗೆ 'ಹಲಸಂಗಿ ಗೆಳೆಯರು' ಎಂಬ ಮಾತು ಗೊತ್ತಿರಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಬೇರೆ ಬೇರೆ ಜಾತಿಮತದ ಮನೆಗಳಿಂದ ಬಂದ ಹಳ್ಳಿಯ ಹುಡುಗರು. ಹತ್ತಿರದಲ್ಲಿ ಕಾಲೇಜಿರಲಿಲ್ಲ, ದೊಡ್ಡ ಗ್ರಂಥಾಲಯವಿರಲಿಲ್ಲ. ಒಬ್ಬ ಓದಿದ್ದನ್ನು ಇನ್ನೊಬ್ಬನಿಗೆ ಹೇಳುತ್ತ, ಒಬ್ಬ ಬರೆದದ್ದನ್ನು ಇನ್ನೊಬ್ಬ ತಿದ್ದುತ್ತ ಬೆಳೆದರು. ಬೀಸುವ ಕಲ್ಲಿನ ಮುಂದೆ ಕೂತ ಅವ್ವಂದಿರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಜನಪದ ಗೀತೆಗಳ ಸಂಗ್ರಹದಲ್ಲಿ ಅದು ಕನ್ನಡದ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು. ಮಧುರಚೆನ್ನರು (1903–1953) ಕನ್ನಡದ ಅನುಭಾವಿ ಕವಿಯೆನಿಸಿದರು. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣನವರು ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಇವರಿಗೆ ಬುದ್ಧಿ ಇತ್ತು, ನಿಜ. ಅಂಥ ಬುದ್ಧಿಯ ಹುಡುಗರು ಅಕ್ಕಪಕ್ಕದ ಊರುಗಳಲ್ಲಿಯೂ ಇದ್ದಿರಬೇಕಲ್ಲ! ಬುದ್ಧಿಗೆ ಜತೆ ಸಿಕ್ಕಿದ್ದು ಹಲಸಂಗಿಯಲ್ಲಿ. ತಪ್ಪಿದರೆ ನಗುವವರಿಲ್ಲದ, ಕೇಳಿದರೆ ಬೇಸರಪಡುವವರಿಲ್ಲದ ಒಂದು ಕಟ್ಟೆ ಅವರಿಗೆ ಸಿಕ್ಕಿತ್ತು.

ಮರುದಿನ ಸಿಂದಗಿ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಈ ದಿನಗಳಲ್ಲಿ ನಮ್ಮ ಹಳ್ಳಿಗಳಿಂದ, ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತವೆ. ದೊಡ್ಡವರ ಹಿಂದೆ ಮಕ್ಕಳೂ ಹೋಗುತ್ತಾರೆ. ನನ್ನ ಚಿಕ್ಕಪ್ಪನ ಮಗಳು ಈ ಭಾಗದ ಒಂದು ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ರಾತ್ರಿ ಊಟಕ್ಕೆ ಕೂತಾಗ ಅವಳ ಫೋನು ಬಡಿದುಕೊಂಡಿತು. ಆ ಕಡೆಯಿಂದ ಹುಡುಗನ ದನಿ: "ಅಕ್ಕೋರ, ಹದಿನಾಲ್ಕರ ಮಗ್ಗಿ ಬಂತ್ರಿ." ರೊಟ್ಟಿ ಕೈಯಲ್ಲೇ ಹಿಡಿದು ಅವಳು ಪೂರ್ತಿ ಕೇಳಿದಳು. "ಹದಿನಾಲ್ಕ ಏಳ್ಲೆ?" ಎಂದು ನಡುವೆ ತಡೆದಳು. "ತೊಂಬತ್ತೆಂಟ್ರಿ" ಎಂದಿತು ಕಬ್ಬಿನ ಗದ್ದೆ.

"ವಾರಕ್ಕೊಮ್ಮೆ ಹಿಂಗ ಮಾತಾಡ್ತೀನಿ ಅಣ್ಣಾ. ಮಗ್ಗಿ ಒಂದು ನೆವ" ಎಂದಳು. "ಹಾಜರಿ ಪುಸ್ತಕದಾಗ ತನ್ನ ಹೆಸರು ಇನ್ನೂ ಅದ ಅನ್ನೂದು ಅವಗ ಗೊತ್ತಿರಬೇಕು. ಹೆಸರು ಹೋತಂದ್ರ ಹುಡುಗ ತಿರುಗಿ ಬರಂಗಿಲ್ಲ."

ಶಾಲೆಯ ಬಿಸಿಯೂಟದ ಮಾತೂ ಬಂತು. 2002ರಲ್ಲಿ 'ಅಕ್ಷರ ದಾಸೋಹ' ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅನ್ನದಿಂದ ಹಾಜರಿ ಹೆಚ್ಚುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಅವಳು ಹೇಳಿದ್ದು ಬೇರೆ. ಹೊಸದಾಗಿ ಬಂದ ಮಗು ಯಾರ ಪಕ್ಕ ಕೂತು ಉಣ್ಣುತ್ತದೆ ಎಂಬುದನ್ನು ಅವಳು ಮೊದಲ ವಾರ ಗಮನಿಸುತ್ತಾಳಂತೆ. ಒಂಟಿಯಾಗಿ ಉಣ್ಣುವ ಮಗುವಿನ ಓದು ಕೆಲವೇ ದಿನಗಳಲ್ಲಿ ಕುಂಟುತ್ತದಂತೆ. ಮೂವತ್ತು ವರುಷ ಪಾಠ ಹೇಳಿದ ನಾನು ತಾಟು ನೋಡಿದ್ದುಂಟು, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿರಲಿಲ್ಲ.

ಮೂರನೆಯ ದಿನ ದೇವರ ಹಿಪ್ಪರಗಿಯ ಮೇಲೆ ಹಾದು ಬಸವನ ಬಾಗೇವಾಡಿಗೆ ಬಂದೆ. ಹನ್ನೆರಡನೆಯ ಶತಮಾನದ ಬಸವಣ್ಣನವರ ಹುಟ್ಟೂರಿದು. ಎಳೆಯ ವಯಸ್ಸಿನಲ್ಲೇ ಉಪನಯನ ಬೇಡವೆಂದು ಪ್ರಶ್ನೆ ಎತ್ತಿ, ಮನೆ ಬಿಟ್ಟು ವಿದ್ಯೆಗಾಗಿ ಕೂಡಲಸಂಗಮಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ. ಪ್ರಶ್ನೆ ಕೇಳಿದ ಬಾಲಕನ ಊರಿನಲ್ಲಿ ನಿಂತಾಗ ನನ್ನ ತರಗತಿ ನೆನಪಾಯಿತು. ಎಷ್ಟು ಮಕ್ಕಳು ನನ್ನನ್ನು ಪ್ರಶ್ನೆ ಕೇಳಿದ್ದರು? ನನ್ನ ಕೈಯಲ್ಲಿ ಬೆತ್ತವಿತ್ತು. ಅದು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಮಕ್ಕಳು ಕೈ ಎತ್ತುತ್ತಿರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋಯಿತು, ಒಳ್ಳೆಯದೇ. ಆದರೆ ಬೆತ್ತದ ಜಾಗದಲ್ಲಿ ಕುಹಕದ ಮಾತು ಬಂದು ಕೂತರೆ ಕಾಯ್ದೆ ಪಾಲಿಸಿದಂತಾಗುವುದಿಲ್ಲ. ಇನ್ನೊಂದು ದಾರಿಯೂ ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂದ 'ನಲಿ-ಕಲಿ'ಯಲ್ಲಿ ಶಿಕ್ಷಕರು ಮಕ್ಕಳ ನಡುವೆ ನೆಲದ ಮೇಲೆ ಕೂರುತ್ತಾರೆ; ಬಲ್ಲ ಮಗು ಪಕ್ಕದ ಮಗುವಿಗೆ ಹೇಳಿಕೊಡುತ್ತದೆ. ಕಾರ್ಡುಗಳನ್ನು ಜೋಡಿಸಿಟ್ಟರೆ ನಲಿ-ಕಲಿ ಆಗುವುದಿಲ್ಲ, ಮಾಸ್ತರ ಕೆಳಗಿಳಿದು ಕೂತರೇ ಆಗುವುದು.

ನಾಲ್ಕನೆಯ ದಿನ ಹೂವಿನ ಹಿಪ್ಪರಗಿಯ ದಾರಿ ಹಿಡಿದು ಮುದ್ದೇಬಿಹಾಳದ ಕಡೆಗೆ ಹೊರಟೆ. ತಂಗಿಯ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಳಿಯ ಕಟ್ಟೆಯ ಮೇಲೆ ಕೂತಿದ್ದ. ಗಣಿತದ ಪುಸ್ತಕ ತರಿಸಿ ನಾಲ್ಕು ಲೆಕ್ಕ ಕೊಟ್ಟೆ. ನಾಲ್ಕೂ ಸರಿ! ನಾನು ಬೆಪ್ಪಾದೆ.

ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ, ಸಿಂದಗಿಯಲ್ಲಿ ಕೇಳಿದ ಮಾತು ನೆನಪಾಗಿ, "ಅಲ್ಲಿ ಯಾರ ಜೊತಿ ಕೂತು ಉಣ್ತೀಪಾ?" ಎಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದ: "ಯಾರ ಜೊತೀನೂ ಇಲ್ಲ ಮಾಮಾ. ಉಳಿದವ್ರೆಲ್ಲ ಆರನೇತ್ತೆಯಿಂದ ಕೂಡಿ ಅದಾರ. ನಾ ಈ ವರ್ಷ ಹೋದಾಂವ. ಸರ್‌ಗೋಳು ನನ್ನ 'ಏ ಹೊಸಬಾ' ಅಂತಾರ. ಆರು ತಿಂಗಳಾತು, ಯಾರೂ ಹೆಸರು ಹಿಡಿದು ಕರದಿಲ್ಲ."

ನನಗೆ ನಿದ್ದೆ ಬರಲಿಲ್ಲ. ನನ್ನ ತರಗತಿಗಳಲ್ಲಿ ಇಂಥ 'ಹೊಸಬ'ರು ಎಷ್ಟು ಜನ ಇದ್ದರೋ! ದಡ್ಡ, ಮಂಕ ಎಂದು ನಾನು ಬರೆದಿಟ್ಟವರಲ್ಲಿ ಎಷ್ಟು ಮಂದಿ ಬರೇ ಒಂಟಿಯಾಗಿದ್ದರೋ!

ಬೆಳಿಗ್ಗೆ ತಂಗಿಯ ಗಂಡನನ್ನು ಕರೆದುಕೊಂಡು ಆ ಶಾಲೆಗೆ ಹೋದೆ. ಜಗಳಕ್ಕಲ್ಲ. ತರಗತಿಯ ಶಿಕ್ಷಕರು ಚಿಕ್ಕ ವಯಸ್ಸಿನವರು. ಕೇಳಿ ಮುಖ ಸಣ್ಣದು ಮಾಡಿಕೊಂಡರು. "ಅಕ್ಕರೆಯಿಂದ ಕರೀತಿದ್ದೆ ಸರ್, ಅವನಿಗೆ ಹಿಂಗ ಅನಸ್ತದಂತ ಹೊಳೀಲಿಲ್ಲ" ಎಂದರು. ಅವರ ಮಾತು ಸುಳ್ಳಲ್ಲವೆನ್ನಿಸಿತು. ಅವನ ಪಕ್ಕದ ಹಾಸಿಗೆಗೆ ನಮ್ಮ ನೆರೆಯ ಊರಿನ ಹುಡುಗನೊಬ್ಬನನ್ನು ಬದಲಿಸಿದರು. ಅವನಿಗೆ ಬೀಜಗಣಿತ ಕಷ್ಟವಂತೆ, ಅಳಿಯ ಹೇಳಿಕೊಡಬೇಕೆಂದು ಕರಾರು.

ಸೋಮವಾರ ಅಳಿಯ ಶಾಲೆಗೆ ಹೋದ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಮೊದಲ ಎರಡು ದಿನ ರಾತ್ರಿ ಫೋನು ಮಾಡಿ ಅತ್ತನಂತೆ. ಮೂರನೆಯ ದಿನ ಫೋನೇ ಬರಲಿಲ್ಲವೆಂದು ತಂಗಿ ಗಾಬರಿಯಾದಳು. ವಿಚಾರಿಸಿದರೆ ಇಬ್ಬರೂ ಹುಡುಗರು ಊಟ ಮುಗಿಸಿ ಲೆಕ್ಕ ಮಾಡುತ್ತ ಕೂತಿದ್ದರು.

ತಂದೆ-ತಾಯಿಗಳಿಗೆ ಈ ಹಳೆಯ ಮಾಸ್ತರನ ವಿನಂತಿ ಇಷ್ಟೇ. ಪರೀಕ್ಷೆಗೆ ಈಗ ದಾರಿಗಳಿವೆ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಮನಸ್ಸು ತೀರ ಕುಗ್ಗಿದವರು 14416ಕ್ಕೆ ಫೋನು ಮಾಡಿದರೆ 'ಟೆಲಿ ಮಾನಸ್' ಸಹಾಯವಾಣಿಯಲ್ಲಿ ಉಚಿತವಾಗಿ ಮಾತಾಡುವವರಿದ್ದಾರೆ. ಆದರೆ ಅದಕ್ಕೂ ಮೊದಲು, ಮನೆಗೆ ಬಂದ ಮಗುವನ್ನು "ಎಷ್ಟು ಮಾರ್ಕು ಬಿದ್ದಾವ?" ಎನ್ನುವ ಬದಲು "ಇವತ್ತ ಯಾರ ಜೊತಿ ಉಂಡಿ?" ಎಂದು ಕೇಳಿ. ಮತ್ತೆ ವಿದ್ಯಾರ್ಥಿಗಳೇ, ನಿಮ್ಮ ತರಗತಿಗೆ ಹೊಸಬರು ಬಂದರೆ, ಇಂಡಿ ಬಸ್ಸಿನ ಆ ಹುಡುಗಿಯಂತೆ ಪಕ್ಕದ ಜಾಗಕ್ಕೆ ಒಂದು ಚೀಲ ಇಟ್ಟು ಕಾಯಿರಿ.